ಪುಯೆಬ್ಲಾದ ಹೊಸ್ತಿಲಲ್ಲಿ ಬಿಟ್ಟ ಜೋಡು

ಅಮೆರಿಕದ ಅಟ್ಲಾಂಟಾ ಪಕ್ಕದ ನಮ್ಮ ಸುವಾನಿಯಲ್ಲಿ ಯಾವ ಕನ್ನಡಿಗರ ಮನೆಯಲ್ಲಿ ಇಂದು ಸತ್ಯನಾರಾಯಣ ಪೂಜೆ ಎಂದು ತಿಳಿಯಲು ಆಮಂತ್ರಣದ ಅಗತ್ಯವೇನಿಲ್ಲ. ಗರಾಜಿನ ಬಾಗಿಲು ಮೇಲೇರಿ, ಎರಡು ಕಾರು ನಿಲ್ಲಬೇಕಾದ ಜಾಗದಲ್ಲಿ ಪಾದರಕ್ಷೆಗಳ ಮಹಾಸಭೆ ನೆರೆದಿದ್ದರೆ, ಒಳಗೆ ಸಪಾದಭಕ್ಷ್ಯ ಸಿದ್ಧವಾಗುತ್ತಿದೆ ಎಂದು ನಿಶ್ಚಿಂತೆಯಿಂದ ನಂಬಬಹುದು. ಪ್ರಸಾದದ ಹೆಸರಿನಲ್ಲೇ ಪಾದವಿದೆ ನೋಡಿ. ಉಳಿದವರು ಒಳಗೆ ಹೋಗಿ ಒಬ್ಬರ ಮುಖ ಒಬ್ಬರು ನೋಡಿ ಕುಶಲ ವಿಚಾರಿಸುವ ಹೊತ್ತಿಗೆ ನಾನು ಹೊರಗೇ ಒಂದು ನಿಮಿಷ ನಿಂತು ಈ ಸಭೆಯ ಕುಶಲ ವಿಚಾರಿಸಿರುತ್ತೇನೆ. ಹಿಮ್ಮಡಿಯ ಹೊರಅಂಚು ಸವೆದಿದ್ದರೆ ಆ ಯಜಮಾನರು ಒಂದೇ ಕಾಲಿನ ಮೇಲೆ ಭಾರ ಬಿಟ್ಟು ಗಂಟೆಗಟ್ಟಲೆ ವಾದ ಮಾಡುವವರು. ಬೆರಳಿನ ಕಡೆ ಸವೆದಿದ್ದರೆ ಸದಾ ಅವಸರದವರು. ಎಲ್ಲೂ ಸವೆಯದೆ ಹೊಳೆಯುತ್ತಿದ್ದರೆ ಸೋಫಾದಿಂದ ಕಾರಿಗೆ, ಕಾರಿನಿಂದ ಸೋಫಾಕ್ಕೆ ಮಾತ್ರ ಪಾದಯಾತ್ರೆ ಮಾಡುವ ನನ್ನಂಥವರು. ಮುಖ ಸುಳ್ಳು ಹೇಳಬಹುದು, ಅಟ್ಟೆ ಹೇಳುವುದಿಲ್ಲ.

ಈ ವಿಚಿತ್ರ ವಿದ್ಯೆಯನ್ನು ಎಲ್ಲಿ ಕಲಿತಿರಿ ಎಂದು ಯಾರಾದರೂ ಕೇಳಿದರೆ ನಾನು ನಕ್ಕು ಮಾತು ಹಾರಿಸುತ್ತಿದ್ದೆ. ನಿಮ್ಮಲ್ಲಿ ಮುಚ್ಚುಮರೆಯೇಕೆ? ನನ್ನ ಅಪ್ಪ ಅಥಣಿಯಲ್ಲಿ ಚಪ್ಪಲಿ ಮಾಡುತ್ತಿದ್ದ. ಅವನ ಅಪ್ಪನೂ ಮಾಡುತ್ತಿದ್ದ. ಹದಿನೇಳನೆಯ ವಯಸ್ಸಿನವರೆಗೆ, ಅಂದರೆ ಎಂಜಿನಿಯರಿಂಗ್ ಕಾಲೇಜಿನ ಹಾಸ್ಟೆಲು ಸೇರುವವರೆಗೆ, ಶಾಲೆ ಬಿಟ್ಟ ಮೇಲೆ ನಾನೂ ಅವನ ಪಕ್ಕದಲ್ಲಿ ಕೂತು ತೊಗಲನ್ನು ನೆನೆಸಿ, ಬಡಿದು, ಸೀಳಿ, ಹೊಲಿದಿದ್ದೇನೆ.

ಅಮೆರಿಕಕ್ಕೆ ಬಂದ ಮೇಲೆ ಈ ಸಂಗತಿಯ ಮೇಲೆ ನಾನು ಬಹಳ ಅಲಂಕೃತವಾದ ಪರದೆಯೊಂದನ್ನು ಎಳೆದೆ. ನನ್ನ ಅಡ್ಡಹೆಸರು ಅಥಣಿ ಎಂದೇ ಇರುವುದರಿಂದ ಅರ್ಧ ಕೆಲಸವನ್ನು ಊರೇ ಮಾಡಿಕೊಟ್ಟಿತ್ತು. ಊರ ಹೆಸರು ಹೊತ್ತವನ ಕೇರಿ ಯಾವುದೆಂದು ಹೆಸರಿನಿಂದ ತಿಳಿಯುವುದಿಲ್ಲ. ಉಳಿದರ್ಧ ನನ್ನ ಸ್ವಂತ ಪರಿಶ್ರಮ. ತಂದೆಯವರು ಏನು ಮಾಡಿಕೊಂಡಿದ್ದರು ಎಂಬ, ನಮ್ಮ ಜನ ಹವಾಮಾನಕ್ಕಿಂತ ಮೊದಲು ಕೇಳುವ ಪ್ರಶ್ನೆಗೆ ಚರ್ಮೋದ್ಯಮದಲ್ಲಿದ್ದರು ಎನ್ನುತ್ತಿದ್ದೆ. ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಿ ನನ್ನದು ಎತ್ತಿದ ಕೈ. ಕೇಳಿದವರು ತಮ್ಮ ತಮ್ಮ ಕಲ್ಪನಾಶಕ್ತಿಗೆ ತಕ್ಕಂತೆ ಆ ಉದ್ಯಮಕ್ಕೊಂದು ಕಾರ್ಖಾನೆ ಕಟ್ಟಿ, ಚಿಮಣಿ ನಿಲ್ಲಿಸಿ, ಕೊನೆಗೆ ರಫ್ತಿನ ಲೈಸೆನ್ಸನ್ನೂ ಕೊಡಿಸಿದರು. ನಾನು ಏನನ್ನೂ ಕಟ್ಟಲಿಲ್ಲ, ಏನನ್ನೂ ಕೆಡವಲೂ ಇಲ್ಲ.

ಈ ಕಾರ್ಖಾನೆಯನ್ನು ಎಲ್ಲರಿಗಿಂತ ಗಟ್ಟಿಯಾಗಿ ನಂಬಿದವರು ನಮ್ಮ ಮನೆಯಿಂದ ಎರಡು ಮನೆ ಆಚೆ ಇರುವ ವಿನಾಯಕ ಕುಲಕರ್ಣಿಯವರು. ಧಾರವಾಡದ ವೈದಿಕ ಮನೆತನ, ಔಷಧ ಕಂಪನಿಯಲ್ಲಿ ರಸಾಯನಶಾಸ್ತ್ರದ ಕೆಲಸ, ಬೆಳಿಗ್ಗೆ ಸಂಧ್ಯಾವಂದನೆ, ಸಂಜೆ ನನ್ನೊಂದಿಗೆ ಎರಡು ಮೈಲಿ ನಡಿಗೆ. ಇಪ್ಪತ್ತು ವರ್ಷದ ಸ್ನೇಹ. ನನ್ನ ಹೃದಯದ ನಾಳದಲ್ಲಿ ಸ್ಟೆಂಟ್ ಹಾಕಿದಾಗ ಮೂರು ವಾರ ನನ್ನನ್ನು ಕಾರಿನಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ತಿರುಗಿದವರು ಅವರು. ಅವರ ಅಡಿಗೆಮನೆಯ ಯಾವ ಡಬ್ಬಿಯಲ್ಲಿ ಯಾವ ಚಟ್ನಿಪುಡಿ ಇದೆ ಎಂಬುದು ನನಗೆ ಗೊತ್ತು. ಅವರೊಡನೆ ಕೂತು ಉಣ್ಣುತ್ತ ಉಣ್ಣುತ್ತ ನಾನು ಶಾಕಾಹಾರಿಯೂ ಆಗಿಬಿಟ್ಟಿದ್ದೆ, ಅಂದರೆ ಅವರ ಕಣ್ಣೆದುರಿನಲ್ಲಿ. ಹೇಳಿಬಿಡಬೇಕೆಂದು ನೂರು ಸಲ ಅನ್ನಿಸಿದ್ದುಂಟು. ಆದರೆ ಹೇಳಿದ ಮರುದಿನ ಅವರ ಮನೆಯ ಬಾಗಿಲು ಹಿಂದಿನಷ್ಟೇ ಅಗಲವಾಗಿ ತೆರೆಯದಿದ್ದರೆ? ಅಂಥ ಗೆಳೆಯನನ್ನು ಕಳೆದುಕೊಳ್ಳುವ ಭಯ ನನಗೆ ನಿಜವಾಗಿಯೂ ಇತ್ತು. ನನ್ನ ಹೆಂಡತಿ ಕಸ್ತೂರಿ ನನ್ನದೇ ಕೇರಿಯವಳು, ಅದೇ ಕಸುಬಿನ ಮನೆಯಲ್ಲಿ ಹುಟ್ಟಿದವಳು. ಅವಳು ಯಾರ ಮುಂದೆಯೂ ಸುಳ್ಳು ಹೇಳಿದವಳಲ್ಲ. ಗಂಡನ ಕಾರ್ಖಾನೆಗೆ ಬೀಗ ಜಡಿಯುವ ಕೆಲಸವನ್ನು ಗಂಡನಿಗೇ ಬಿಟ್ಟು ಸುಮ್ಮನಿದ್ದಳು.

ಅಪ್ಪ ತೀರಿಕೊಳ್ಳುವ ವರ್ಷ ಮಾಡಿಕೊಟ್ಟ ಒಂದು ಜೋಡು ನನ್ನ ಬಳಿ ಇದೆ. ಮರದ ತೊಗಟೆ, ಅಳಲೆಕಾಯಿ ಹಾಕಿ ಹದಮಾಡಿದ ತೊಗಲು, ಹೆಬ್ಬೆರಳಿಗೊಂದು ಉಂಗುರ, ಎರಡೂ ಪಕ್ಕಕ್ಕೆ ಕಿವಿಯಂತೆ ಚಾಚಿದ ತೆಳುವಾದ ಅಂಚು, ಮೇಲಿನ ಪಟ್ಟಿಗೆ ಅವ್ವ ಹೆಣೆದ ಸಣ್ಣ ಜಡೆ. ಇಡೀ ಜೋಡಿಗೆ ಒಂದು ಮೊಳೆಯಿಲ್ಲ, ಒಂದು ಎಳೆ ನೂಲಿಲ್ಲ. ತೊಗಲನ್ನು ತೊಗಲಿನ ದಾರದಿಂದಲೇ ಹೊಲಿದದ್ದು. ಯುಗಾದಿಗೊಮ್ಮೆ ಎಣ್ಣೆ ಸವರುತ್ತೇನೆ. ದೂರದ ಊರುಗಳಿಗೆ ಹೋಗುವಾಗ ಮಾತ್ರ ಮೆಟ್ಟುತ್ತೇನೆ, ಅಪ್ಪ ಬೆಳಗಾವಿಯ ಆಚೆ ಹೋದವನಲ್ಲವಾದ್ದರಿಂದ ಅವನನ್ನೂ ಒಂದಿಷ್ಟು ತಿರುಗಾಡಿಸಿಕೊಂಡು ಬಂದಂತಾಗಲಿ ಎಂದು. ಕುಲಕರ್ಣಿಯವರು ಅದನ್ನು ಕಂಡಾಗಲೆಲ್ಲ ನಿಮ್ಮ ಫ್ಯಾಕ್ಟರಿಯ ಮಾಲು ಭಾರೀ ಗಟ್ಟಿ ಎಂದು ತಲೆದೂಗುತ್ತಿದ್ದರು.

ಇನ್ನು ಪುಯೆಬ್ಲಾ. ಮೆಕ್ಸಿಕೋ ದೇಶದ ಈ ಹಳೆಯ ನಗರಕ್ಕೆ ನಾವು ಹೊರಟದ್ದಕ್ಕೆ ಎರಡು ಕಾರಣ. ಕೌಂಟಿಯ, ಅಂದರೆ ನಮ್ಮ ಜಿಲ್ಲೆಯ, ರಸ್ತೆ ಕಾಮಗಾರಿಯಲ್ಲಿ ನನ್ನ ಜೊತೆ ದುಡಿದವರಲ್ಲಿ ಅನೇಕರು ಆ ಸೀಮೆಯವರು. ಮಧ್ಯಾಹ್ನ ಡಬ್ಬಿ ಬಿಚ್ಚುವಾಗ ಅವರು ಊರನ್ನು ನೆನೆದು ಬಿಡುತ್ತಿದ್ದ ನಿಟ್ಟುಸಿರು ಡಬ್ಬಿಯ ಪರಿಮಳಕ್ಕಿಂತ ಗಾಢವಾಗಿರುತ್ತಿತ್ತು, ಅದೆಂಥ ಊರೋ ನೋಡಬೇಕೆಂಬ ಕುತೂಹಲ ನನ್ನಲ್ಲಿ ಬಹುಕಾಲದಿಂದ ಬೇರುಬಿಟ್ಟಿತ್ತು. ಎರಡನೆಯ ಕಾರಣ ಕುಲಕರ್ಣಿಯವರ ಸ್ಪ್ಯಾನಿಷ್. ಕೋವಿಡ್ ಕಾಲದಲ್ಲಿ ಎಲ್ಲರೂ ಮನೆಯಲ್ಲಿ ಬ್ರೆಡ್ ಸುಡುತ್ತಿದ್ದಾಗ ಅವರು ಫೋನಿನಿಂದ ಸ್ಪ್ಯಾನಿಷ್ ಕಲಿತಿದ್ದರು. ಚಿಕ್ಕಪ್ಪನ ಕುದುರೆ ಹಾಲು ಕುಡಿಯುತ್ತದೆ ಎಂಬಂಥ ವಾಕ್ಯಗಳನ್ನು ಮೂರು ವರ್ಷ ಗೋಡೆಯೊಂದಿಗೆ ಆಡಿ ದಣಿದು, ಈಗ ಮರುಮಾತಾಡುವ ಜನ ಬೇಕೆಂದು ಹಂಬಲಿಸುತ್ತಿದ್ದರು. ಅವರ ಶ್ರೀಮತಿ ಮಗಳ ಬಾಣಂತನಕ್ಕೆ ನ್ಯೂಜೆರ್ಸಿಗೆ ಹೋದ ಮಾರ್ಚ್ ತಿಂಗಳಲ್ಲಿ ನಾವು ಮೂವರು ಅಟ್ಲಾಂಟಾದಿಂದ ವಿಮಾನ ಹತ್ತಿ, ಮೆಕ್ಸಿಕೋ ಸಿಟಿಯಲ್ಲಿ ಇಳಿದು, ಅಲ್ಲಿಂದ ಎರಡು ತಾಸು ಬಸ್ಸಿನಲ್ಲಿ ಕೂತು ಪುಯೆಬ್ಲಾ ಮುಟ್ಟಿದೆವು.

ಬೀದಿಯ ತುದಿಯಲ್ಲಿ ಜ್ವಾಲಾಮುಖಿ ಪರ್ವತವೊಂದು ಸಣ್ಣಗೆ ಹೊಗೆ ಬಿಡುತ್ತ ಕೂತಿರುತ್ತದೆ, ಊರಿನ ಜನ ಅದರ ಕಡೆ ತಿರುಗಿಯೂ ನೋಡದೆ ತರಕಾರಿ ಕೊಳ್ಳುತ್ತಿರುತ್ತಾರೆ: ಇದು ಪುಯೆಬ್ಲಾದ ಮೊದಲ ಆಶ್ಚರ್ಯ. ಸ್ಪೇನಿನವರು ಹದಿನಾರನೆಯ ಶತಮಾನದಲ್ಲಿ ಬಯಲಿನ ಮೇಲೆ ದಾರ ಹಿಡಿದು ಗೆರೆ ಎಳೆದು ಕಟ್ಟಿದ ಊರಂತೆ. ಬೀದಿಗಳು ಇವತ್ತಿಗೂ ಚೌಕಾಬಾರದ ಮನೆಯಂತೆ ನೆಟ್ಟಗಿವೆ. ಮೂರು ಸಲ ಸುತ್ತಿ ಮತ್ತೆ ಅದೇ ಅಂಚೆಪೆಟ್ಟಿಗೆಯ ಮುಂದೆ ತಂದು ನಿಲ್ಲಿಸುವ ಸುವಾನಿಯ ಬಡಾವಣೆಯ ರಸ್ತೆಗಳಿಗೆ ಜೀವಮಾನ ತೇದ ನನ್ನಂಥ ಎಂಜಿನಿಯರನಿಗೆ ಅದನ್ನು ಕಂಡು ನಾಚಿಕೆಯೂ ಆಯಿತು. ಎರಡನೆಯ ಆಶ್ಚರ್ಯ ಬಿಳಿ ನೀಲಿ ಹೆಂಚುಗಳದ್ದು, ಅಂದರೆ ಟೈಲ್ಸಿನದು. ನಾವು ಬಚ್ಚಲಿನ ಗೋಡೆಗೆ ಮೀಸಲಿಡುವ ವೈಭವವನ್ನು ಅವರು ಬೀದಿಗೆ ಮುಖಮಾಡಿ ಅಂಟಿಸಿದ್ದಾರೆ. ಮನೆಯ ಮುಂಗೋಡೆ, ಗುಮ್ಮಟ, ಕಾರಂಜಿ, ಬೆಂಚು, ಕೊನೆಗೆ ಮಿಠಾಯಿ ಅಂಗಡಿಯ ಕಟ್ಟೆ ಕೂಡ ಹೆಂಚಿನದು. ಕಸ್ತೂರಿ ಪ್ರತಿ ಮನೆಯ ಗೋಡೆಯನ್ನೂ ಸೀರೆಯ ಸೆರಗು ಮುಟ್ಟಿ ನೋಡುವಂತೆ ಮುಟ್ಟುತ್ತ ಬಂದಿದ್ದರಿಂದ ಒಂದು ಬೀದಿ ದಾಟಲು ನಮಗೆ ಮುಂಜಾನೆಯೇ ಕಳೆಯಿತು.

ಊಟದ ವಿಷಯಕ್ಕೆ ಬಂದರೆ, ಪುಯೆಬ್ಲಾಕ್ಕೆ ಹೋಗಿ ಮೋಲೆ ತಿನ್ನದೆ ಬಂದವನು ಹೋಗಲೇ ಇಲ್ಲವೆಂದು ಲೆಕ್ಕ. ಮೋಲೆ ಎಂದರೆ ಸಾರಲ್ಲ, ಗೊಜ್ಜಲ್ಲ. ನಾಲ್ಕಾರು ಬಗೆಯ ಒಣಮೆಣಸಿನಕಾಯಿ, ಎಳ್ಳು, ಶೇಂಗಾ, ಬಾದಾಮಿ, ಚಕ್ಕೆ, ಕರಕಲು ರೊಟ್ಟಿ ಎಲ್ಲವನ್ನೂ ಅರೆದು ಕೊನೆಗೆ ಚಾಕೊಲೇಟನ್ನೂ ಹಾಕಿ ದಿನಗಟ್ಟಲೆ ಕುದಿಸಿದ ಕರಿಮಿಶ್ರಿತ ಕೆಂಪಿನ ಮಹಾಮಸಾಲೆ. ಬದನೆಕಾಯಿ ಎಣ್ಣೆಗಾಯಿಯ ಸೋದರಸಂಬಂಧಿ ಎಂದು ನನಗೆ ವಾಸನೆಯಲ್ಲೇ ಗೊತ್ತಾಯಿತು. ಆದರೆ ಅದನ್ನು ಸುರಿಯುವುದು ಕೋಳಿಯ ಮೇಲೆ. ಕುಲಕರ್ಣಿಯವರು ಹೋಟೆಲಿನವನನ್ನು ನಿಲ್ಲಿಸಿಕೊಂಡು ಮಾಂಸ ಬೇಡ, ಕೋಳಿ ಬೇಡ, ಹಂದಿಯ ಕೊಬ್ಬು ಬೇಡ, ಕೋಳಿ ಬೇಯಿಸಿದ ನೀರೂ ಬೇಡ ಎಂದು ಒಂದೊಂದೇ ಪದಾರ್ಥವನ್ನು ನಿಷೇಧಿಸುತ್ತ ಬಂದರು. ಅವನು ಕಳವಳದಿಂದ ನಿಮಗೆ ಮೈಯಲ್ಲಿ ಹುಷಾರಿಲ್ಲವೇ ಎಂದು ಕೇಳಿ, ಪಾಪಾಸುಕಳ್ಳಿಯ ಪಲ್ಯ, ಕುಂಬಳಹೂವು ತುಂಬಿದ ರೊಟ್ಟಿ ತಂದಿಟ್ಟ. ನನಗೂ ಅದನ್ನೇ ಹೇಳಿದೆ. ಕಸ್ತೂರಿ ಮಾತ್ರ ಮೆನುವಿನ ಚಿತ್ರದ ಮೇಲೆ ಬೆರಳಿಟ್ಟು ಕೋಳಿಯ ಮೋಲೆಯನ್ನೇ ತರಿಸಿದಳು.

“ಅಕ್ಕಾರ, ನೀವು ತಿಂತೀರಂತ ನನಗ ಗೊತ್ತೇ ಇರ್ಲಿಲ್ರಿ” ಎಂದರು ಕುಲಕರ್ಣಿ.

“ನೀವು ಕೇಳೇ ಇರ್ಲಿಲ್ಲಲ್ರೀ” ಎಂದಳು ಕಸ್ತೂರಿ, ಕೋಳಿಯ ಕಾಲನ್ನು ಮುರಿಯುತ್ತ.

ಇಷ್ಟೇ ಮಾತು. ಭೂಮಿ ಬಿರಿಯಲಿಲ್ಲ, ಕುಲಕರ್ಣಿಯವರು ಹೌದಲ್ಲ ಎಂದು ತಲೆಯಾಡಿಸಿ ತಮ್ಮ ಕುಂಬಳಹೂವಿಗೆ ಮರಳಿದರು. ನಾನು ಮಾತ್ರ ಕುಂಬಳಕಾಯಿ ಕಳ್ಳನೆಂದರೆ ಹೆಗಲು ಮುಟ್ಟಿ ನೋಡಿಕೊಂಡವನಂತೆ ತಲೆ ತಗ್ಗಿಸಿ, ಬಾಯಲ್ಲಿ ನೀರೂರಿಸಿಕೊಂಡು, ಕಳ್ಳಿಯನ್ನು ಜಗಿಯುತ್ತ ಕೂತೆ. ಕಳ್ಳಿಯ ಲೋಳೆಯನ್ನು ನುಂಗುವುದು ಬೆಂಡೆಕಾಯಿ ತಿಂದು ಬೆಳೆದವರಿಗೆ ಕಷ್ಟವೇನಲ್ಲ, ಅದು ಬೇರೆ ಮಾತು.

ಮೂರನೆಯ ದಿನ ಹಳೆಯ ಕೇರಿಗಳನ್ನು ನೋಡಲು ಹೊರಟೆವು. ಕುಲಕರ್ಣಿಯವರ ಕೈಯಲ್ಲಿ ಫೋನು, ಫೋನಿನಲ್ಲಿ ಊರಿನ ಇತಿಹಾಸ; ಅವರು ಓದುತ್ತ ಮುಂದೆ, ನಾವು ಕೇಳುತ್ತ ಹಿಂದೆ. ಗೆಣಸಿನ ಮಿಠಾಯಿ ಮಾರುವ ಬೀದಿ ದಾಟಿ, ಹಳೆಯ ಗಡಿಯಾರ, ಬೀಗ, ಯಾರದೋ ಮದುವೆಯ ಫೋಟೊಗಳನ್ನು ನೆಲದ ಮೇಲೆ ಹರವಿಕೊಂಡು ಕೂತ ಕಪ್ಪೆಗಳ ಗಲ್ಲಿ ಎಂಬ ಚೆಂದದ ಹೆಸರಿನ ಓಣಿ ದಾಟಿ, ವಾಹನಗಳು ಭೋರ್ಗರೆಯುವ ಅಗಲವಾದ ರಸ್ತೆಯೊಂದರ ಅಂಚಿಗೆ ಬಂದೆವು. ಆ ರಸ್ತೆ ಹಿಂದೆ ಹೊಳೆಯಾಗಿತ್ತಂತೆ. ಈಗ ಹೊಳೆಯನ್ನು ಕೆಳಗೆ ಕೊಳವೆಯಲ್ಲಿ ಹರಿಸಿ ಮೇಲೆ ಡಾಂಬರು ಹಾಕಿದ್ದಾರೆ. ಹೊಳೆಯ ಈಚೆ ನೆಟ್ಟಗಿನ ಬೀದಿ, ಹೆಂಚಿನ ಮನೆ ಎಲ್ಲ ಸ್ಪೇನಿನ ದೊರೆಗಳಿಗೆ. ಆ ಮನೆಗಳನ್ನು ಕಟ್ಟಿದ ಇಟ್ಟಿಗೆಯವರು, ಕುಂಬಾರರು, ನೇಕಾರರು, ಆ ನೆಲದ ಮೂಲದ ಜನ, ಹೊಳೆಯ ಆಚೆ. ಆಚೆಯ ಕೇರಿಗೆ ಅನಾಲ್ಕೋ ಎಂದು ಹೆಸರು. ಅವರ ಹಳೆಯ ಭಾಷೆಯಲ್ಲಿ ನೀರಿನ ಆಚೆ ದಡ ಎಂದೇ ಅರ್ಥವಂತೆ.

“ಊರಂದ ಮ್ಯಾಲ ಕೇರಿ ಇರೂದ ಬಿಡ್ರಿ. ಎಲ್ಲಾ ಕಡೆ ಅದ ಕಥೀ” ಎಂದರು ಕುಲಕರ್ಣಿ, ಫೋನನ್ನು ಜೇಬಿಗಿಳಿಸುತ್ತ.

ಅವರ ದನಿಯಲ್ಲಿ ಕೆಟ್ಟದ್ದೇನೂ ಇರಲಿಲ್ಲ, ಇತಿಹಾಸದ ಮೇಲೆ ಎಲ್ಲರೂ ಬಿಡುವ ನಿಟ್ಟುಸಿರೇ ಅದು. ಆದರೂ ಸಿಗ್ನಲಿನ ಹಸಿರು ದೀಪ ಬಂದಾಗ ಆ ರಸ್ತೆ ದಾಟುವುದು ನನಗೆ ಭಾರವಾಯಿತು. ನಮ್ಮ ಮನೆಯಿಂದ ಊರಿಗೆ ಹೋಗಲು ಅಡ್ಡವಿದ್ದದ್ದು ಹೊಳೆಯಲ್ಲ, ಒಂದು ಸಣ್ಣ ಹಳ್ಳ. ಬೇಸಿಗೆಯಲ್ಲಿ ಅದರಲ್ಲಿ ನೀರೂ ಇರುತ್ತಿರಲಿಲ್ಲ. ನೀರಿಲ್ಲದ ಹಳ್ಳವೂ ಎಷ್ಟು ಆಳ ಇರಬಲ್ಲದು ಎಂಬುದು ಅದರ ಆಚೆ ಹುಟ್ಟಿದವನಿಗೆ ಗೊತ್ತು. ಕಸ್ತೂರಿ ನನ್ನ ತೋಳು ಹಿಡಿದುಕೊಂಡು ದಾಟಿಸಿದಳು.

ಆಚೆಯ ಕೇರಿ ನನಗೆ ಈಚೆಯದಕ್ಕಿಂತ ಹಿಡಿಸಿತು. ಬೀದಿಗಳು ಇಲ್ಲಿ ತಮ್ಮಿಷ್ಟಕ್ಕೆ ತಿರುಗುತ್ತವೆ. ಒಂದು ಅಂಗಳದಲ್ಲಿ ಎತ್ತಿನಗಾಡಿಯ ಚಕ್ರದಷ್ಟು ಅಗಲದ ಮಣ್ಣಿನ ಬಾಂಡಲೆಗಳು, ಮದುವೆ ಮುಂಜಿಗೆ ಮೋಲೆ ಕುದಿಸುವಂಥವು, ಬಿಸಿಲಿಗೆ ಬೋರಲು ಬಿದ್ದಿದ್ದವು. ಮಧ್ಯಾಹ್ನದ ಬಿಸಿಲು ನಮ್ಮನ್ನೂ ಬೋರಲು ಹಾಕುವ ಹಾಗಿದ್ದರಿಂದ ಎದುರಿಗೆ ಕಂಡ ಸಣ್ಣ ಇಗರ್ಜಿಯೊಳಗೆ ಹೊಕ್ಕೆವು. ಹೊಗುವ ಮುನ್ನ, ದೇವರಿರುವ ಕಡೆ ಹೊಸ್ತಿಲು ಕಂಡೊಡನೆ ಮನಸ್ಸಿನ ಅಪ್ಪಣೆಗೆ ಕಾಯದೆ ಕಾಲುಗಳು ತಾವೇ ಮಾಡುವ ಕೆಲಸವನ್ನು ನನ್ನ ಕಾಲುಗಳು ಮಾಡಿದವು. ಇಲ್ಲೆಲ್ಲ ಬೂಟು ಹಾಕಿಕೊಂಡೇ ಹೋಗುತ್ತಾರ್ರೀ ಎಂದು ಕುಲಕರ್ಣಿಯವರು ಅಂದರಾದರೂ, ಆ ಹೊತ್ತಿಗೆ ಅಪ್ಪನ ಜೋಡು ಮೆಟ್ಟಿಲ ಪಕ್ಕದಲ್ಲಿ ಒಂದಕ್ಕೊಂದು ಒರಗಿ ಕೂತಾಗಿತ್ತು. ಅರ್ಧ ತಾಸು ಒಳಗೆ ತಣ್ಣಗೆ ಕೂತು ಹೊರಬಂದೆವು. ಮೆಟ್ಟಿಲು ಬರಿದಾಗಿತ್ತು.

“ಬಿಡ್ರಿ, ಶನಿ ಕಳೀತು! ಗುಡಿ ಮುಂದ ಕಾಲ್ಮರಿ ಹೋದ್ರ ಪೀಡಾ ಹೋತಂತ ನಮ್ಮಜ್ಜಿ ಅಂತಿದ್ಲು. ಹೊಸಾವು ಪರ್ಚೇಸ್ ಮಾಡೋಣಂತ” ಎಂದು ಕುಲಕರ್ಣಿಯವರು ನನ್ನ ಬೆನ್ನು ತಟ್ಟಿದರು.

ನಮ್ಮಲ್ಲಿ ಎಲ್ಲರೂ ಹೇಳುವ ಸಮಾಧಾನವೇ ಅದು. ನಾನೂ ನಾಲ್ಕು ಜನಕ್ಕೆ ಹೇಳಿದ್ದೇನೆ. ಆದರೆ ಅವತ್ತು ನನಗೆ ಕೆಟ್ಟ ಸಿಟ್ಟು ಬಂತು. ಹೋದದ್ದು ಶನಿಯಲ್ಲ, ಅಪ್ಪ. ನಾನು ಇಗರ್ಜಿಯ ಸುತ್ತ ಬರಿಗಾಲಲ್ಲಿ ಓಡಾಡಿದೆ. ಕಾದ ಕಲ್ಲು ಅಂಗಾಲನ್ನು ಸುಡುತ್ತಿದ್ದುದೂ ಆಮೇಲೆಯೇ ಗೊತ್ತಾದದ್ದು. ಅಂಗಳ ಗುಡಿಸುತ್ತಿದ್ದ ಹೆಂಗಸೊಬ್ಬಳು ನನ್ನ ಪಾದಗಳನ್ನು ನೋಡಿ, ಬಾಯಿಗೆ ಕೈಯಿಟ್ಟುಕೊಂಡು, ಏನೋ ಹೇಳತೊಡಗಿದಳು. ಕುಲಕರ್ಣಿಯವರು ಅವಳನ್ನು ನಿಧಾನ, ನಿಧಾನ ಎಂದು ಬೇಡಿಕೊಂಡು ಮೂರು ಸಲ ಹೇಳಿಸಿ ಅರ್ಥ ಬಿಡಿಸಿದರು. ಎರಡು ಮನೆ ಆಚೆ ಚಪ್ಪಲಿ ಮಾಡುವ ಮುದುಕನೊಬ್ಬನಿದ್ದಾನೆ. ಬೆಳಿಗ್ಗೆ ಕೆಲಸಕ್ಕೆ ಹೋಗುವವರು ರಿಪೇರಿಗೆ ಬಂದ ಜೋಡುಗಳನ್ನು ಇಗರ್ಜಿಯ ಮೆಟ್ಟಿಲ ಮೇಲೆ ಬಿಟ್ಟು ಹೋಗುತ್ತಾರೆ, ಅವಳು ಗುಡಿಸುತ್ತ ಅವನ್ನು ಅವನಿಗೆ ಮುಟ್ಟಿಸುತ್ತಾಳೆ, ಅದು ಆ ಬೀದಿಯ ಪದ್ಧತಿ. ದೇವರಿಗೆ ಮರ್ಯಾದೆ ಕೊಡಲು ಒಬ್ಬ ಮನುಷ್ಯ ಚಪ್ಪಲಿ ಬಿಡಬಹುದೆಂದು ಅವಳು ಕನಸಿನಲ್ಲೂ ಎಣಿಸಿರಲಿಲ್ಲ. ನನ್ನ ಜೋಡಿನ ಹೆಬ್ಬೆರಳಿನ ಉಂಗುರ ಸಡಿಲಾಗಿದ್ದನ್ನೂ ಗಮನಿಸಿ, ಇದೂ ರಿಪೇರಿಯದೇ ಎಂದು ಅವನಿಗೆ ಕೊಟ್ಟು ಬಂದಿದ್ದಳು.

ನಾವು ಓಡಿದೆವು. ಕತ್ತಲೆ ಕತ್ತಲೆಯಾದ ಒಂದೇ ಕೋಣೆ. ಗೋಡೆಯ ತುಂಬ ಜೋಡಿನ ಅಚ್ಚಿಗೆಂದು ಕೆತ್ತಿದ ಮರದ ಪಾದಗಳು ತೂಗುತ್ತಿವೆ. ಮೂಲೆಯಲ್ಲಿ ಅಟ್ಟೆಗೆಂದು ಕತ್ತರಿಸಿದ ಹಳೆಯ ಟೈರುಗಳ ರಾಶಿ. ಎಲ್ಲದರ ಮೇಲೆ, ನಾನು ಮೂಗಿನಿಂದ ಹೊರಹಾಕಲು ನಲವತ್ತು ವರ್ಷ ಹೆಣಗಿದ ಹಸಿ ತೊಗಲಿನ ವಾಸನೆ. ಎಪ್ಪತ್ತು ದಾಟಿದ ಮುದುಕ, ಬೀದಿಯವರು ಗೌರವದಿಂದ ದೋನ್ ಎವರಿಸ್ತೋ ಎಂದು ಕರೆಯುವವನು, ಅಪ್ಪನ ಎಡಗಾಲಿನ ಚಪ್ಪಲಿಯ ಉಂಗುರವನ್ನು ಬಿಚ್ಚಿ ಪಕ್ಕಕ್ಕಿಟ್ಟು, ತುಟಿಗಳ ನಡುವೆ ಎರಡು ಮೊಳೆ ಕಚ್ಚಿಕೊಂಡು, ಮೂರನೆಯದರ ಮೇಲೆ ಸುತ್ತಿಗೆ ಎತ್ತಿದ್ದ.

“ಏ, ಮೊಳಿ ಬ್ಯಾಡೋ ಯಪ್ಪಾ!” ಎಂದು ನಾನು ಕಿರುಚಿದೆ.

ಅಥಣಿಯ ಕೇರಿಯಲ್ಲೇ ಬಿಟ್ಟುಬಂದೆನೆಂದುಕೊಂಡಿದ್ದ ದನಿ ಅದು. ದೋನ್ ಎವರಿಸ್ತೋಗೆ ಅನುವಾದ ಬೇಕಾಗಲಿಲ್ಲ. ಸುತ್ತಿಗೆ ಇಳಿಸಿದ, ತುಟಿಯಿಂದ ಮೊಳೆಗಳನ್ನು ತೆಗೆದ, ಚಪ್ಪಲಿಯನ್ನು ಮಗುಚಿ ಅಟ್ಟೆಯ ಅಂಚಿನುದ್ದಕ್ಕೂ ಹೆಬ್ಬೆರಳು ಆಡಿಸಿದ. ಮೊಳೆ ಸಿಗಲಿಲ್ಲ. ನೂಲು ಸಿಗಲಿಲ್ಲ. ಕಣ್ಣಿಗೆ ಹತ್ತಿರ ಹಿಡಿದು ಅವ್ವನ ಜಡೆಯನ್ನು ಬಹಳ ಹೊತ್ತು ನೋಡಿ, ಆಮೇಲೆ ಕುಲಕರ್ಣಿಯವರನ್ನು ಏನೋ ಕೇಳಿದ.

“ಇದನ್ನ ಯಾರು ಮಾಡ್ಯಾರಂತ ಕೇಳ್ಲಿಕ್ಕತ್ಯಾರ” ಎಂದರು ಕುಲಕರ್ಣಿ. “ಒಂದೂ ಮೊಳಿ ಇಲ್ಲದ ಹೆಂಗ ನಿಂತದ ಅಂತ. ನಿಮ್ಮ ಫ್ಯಾಕ್ಟರಿದು ಅಂತ ಹೇಳ್ಲೇನ್ರಿ?”

ಹೇಳಿ ಎಂದುಬಿಟ್ಟಿದ್ದರೆ ಮುಗಿಯುತ್ತಿತ್ತು. ಇಪ್ಪತ್ತು ವರ್ಷ ನಿಂತ ಕಾರ್ಖಾನೆ ಇನ್ನಿಪ್ಪತ್ತು ವರ್ಷ ನಿಲ್ಲುತ್ತಿತ್ತು. ಆದರೆ ಕೇಳಿದವನು ಅದೇ ಕಸುಬಿನವನು; ಅವನು ಕುಲ ಕೇಳಿರಲಿಲ್ಲ, ಕೈ ಯಾರದೆಂದು ಕೇಳಿದ್ದ. ಅವನ ಮುಂದೆ ಅಪ್ಪನ ಕೈಯನ್ನು ಯಂತ್ರಕ್ಕೆ ಬರೆದುಕೊಡುವುದು ನನ್ನಿಂದಾಗಲಿಲ್ಲ. ಕಸ್ತೂರಿ ನನ್ನ ಮುಖವನ್ನೇ ನೋಡುತ್ತಿದ್ದಳು.

“ನಮ್ಮಪ್ಪ ಮಾಡಿದ್ದು” ಎಂದೆ. “ಫ್ಯಾಕ್ಟರಿ ಗಿಕ್ಟರಿ ಏನೂ ಇರ್ಲಿಲ್ರಿ. ಮನಿ ಮುಂದ ಒಂದು ಕಲ್ಲಿತ್ತು. ಅದರ ಮುಂದ ಕುಂತು ಕೈಯಾಗ ಮಾಡ್ತಿದ್ದ. ಅವ್ವ ಹೆಣೀತಿದ್ಲು. ನಾನೂ ಮಾಡ್ತಿದ್ದೆ.”

ಕುಲಕರ್ಣಿಯವರು ನನ್ನನ್ನು ನೋಡಿದರು. ಅಪ್ಪ, ಕೈ, ಮಾಡು, ಇವೆಲ್ಲ ಫೋನಿನ ಪಾಠದ ಮೊದಲ ವಾರದ ಮಾತುಗಳು; ಸ್ಪ್ಯಾನಿಷ್ ಸಾಲದೆ ಅವರು ಸುಮ್ಮನಾದದ್ದಲ್ಲವೆಂದು ನನಗೆ ಗೊತ್ತಿತ್ತು. ಆಮೇಲೆ ಮುದುಕನ ಕಡೆ ತಿರುಗಿ, ನನ್ನ ಮಾತನ್ನು ತಮ್ಮ ಬಾಯಿಂದ, ಒಂದೊಂದೇ ಶಬ್ದವಾಗಿ ಹೇಳಿದರು: “ಸು ಪಾಪಾ. ಕೊನ್ ಸುಸ್ ಮಾನೋಸ್.” ಅವರಪ್ಪ, ತಮ್ಮ ಕೈಯಿಂದ. ನನ್ನ ಕಡೆ ಬೆರಳು ತೋರಿಸಿ, ಇವರೂ ಮಾಡುತ್ತಿದ್ದರು ಎಂದು ಇನ್ನೂ ಒಂದು ಮಾತು ಸೇರಿಸಿದರು. ದೋನ್ ಎವರಿಸ್ತೋ ಎದ್ದು ತನ್ನ ಗಿಡ್ಡ ಸ್ಟೂಲನ್ನು ನನ್ನ ಕಡೆ ಸರಿಸಿ, ಚರ್ಮಕ್ಕೆ ತೂತು ಹಾಕುವ ಉಳಿಯನ್ನು ಹಿಡಿ ನನ್ನ ಕಡೆ ಮಾಡಿ ಚಾಚಿ, ಮಾಯೆಸ್ತ್ರೋ ಎಂದ. ಕಸುಬು ಬಲ್ಲವರನ್ನು ಅಲ್ಲಿ ಹಾಗೆ ಕರೆಯುತ್ತಾರೆ, ಗುರುಗಳೇ ಎಂಬಂತೆ.

ನಲವತ್ತು ವರ್ಷದ ಮೇಲೆ ನಾನು ನೆಲದ ಹತ್ತಿರ ಕೂತೆ. ಮೊಣಕಾಲು ಪ್ರತಿಭಟಿಸಿತು, ಬೆರಳುಗಳು ಪ್ರತಿಭಟಿಸಲಿಲ್ಲ. ಅವನ ತೊಗಲಿನಿಂದ ಎಳೆಯೊಂದನ್ನು ಸೀಳಿ, ನೀರಿನಲ್ಲಿ ನೆನೆಸಿ, ಹಳೆಯ ತೂತುಗಳಲ್ಲೇ ತೂರಿಸಿ, ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಎಳೆದೆ, ಅಪ್ಪ ಎಳೆಯುತ್ತಿದ್ದ ಹಾಗೆ. ಒದ್ದೆ ತೊಗಲಿನ ರುಚಿ ನಾಲಿಗೆಗೆ ತಗುಲಿದಾಗ ಕಣ್ಣು ತುಂಬಿ ಬಂತು. ಮುದುಕ ಬಗ್ಗಿ ಪ್ರತಿ ಹೊಲಿಗೆಯನ್ನೂ ನೋಡುತ್ತಿದ್ದ, ಹೊಸ ವಿದ್ಯೆ ಕಂಡ ಸಂತೋಷ ಅವನಿಗೆ. ಕುಲಕರ್ಣಿಯವರು ಗಿರಾಕಿಗಳ ಬೆಂಚಿನ ಮೇಲೆ ಕೂತಿದ್ದರು.

“ನನಗ ಯಾಕ ಹೇಳ್ಲಿಲ್ರಿ?” ಎಂದರು ಕೊನೆಗೆ.

“ಹೇಳಿದ್ರ ನೀವು ಹೆಂಗಿರ್ತಿದ್ರಿ?”

ಏನಾಗ್ತಿತ್ರೀ, ನನಗೆಲ್ಲ ಒಂದೇ ಎಂದು ಯಾರಾದರೂ ಹೇಳುವ ಜಾಗ ಅದು. ನಾನೂ ಅದನ್ನೇ ನಿರೀಕ್ಷಿಸಿ, ನಂಬದಿರಲು ಸಿದ್ಧನಾಗಿ ಕೂತಿದ್ದೆ. ಅವರು ಹಾಗನ್ನಲಿಲ್ಲ.

“ನನಗ ಗೊತ್ತಿಲ್ರಿ ಅಥಣಿಯವರ. ಇಪ್ಪತ್ತು ವರ್ಷದ ಹಿಂದ ಹೇಳಿದ್ರ ನಾ ಏನ್ ಮಾಡ್ತಿದ್ದೆನೋ, ಖರೇನ ಗೊತ್ತಿಲ್ಲ.”

ಆ ಮಾತು ನೋಯಿಸಿತು, ಇಲ್ಲವೆನ್ನಲಾರೆ. ಆದರೆ ಅದರ ಬೆನ್ನಿಗೇ ಎದೆಯ ಮೇಲಿನ ಭಾರವೊಂದು ಸರಿದಂತೆಯೂ ಆಯಿತು. ಸುಳ್ಳು ಹೇಳುವುದು ಅವರಿಗೆ ಸುಲಭವಿತ್ತು, ಹೇಳಲಿಲ್ಲ. ಇಪ್ಪತ್ತು ವರ್ಷ ನಾನು ಅವರಿಗೆ ಕೊಡದ ಮರ್ಯಾದೆಯನ್ನು ಅವರು ನನಗೆ ಎರಡು ನಿಮಿಷದಲ್ಲಿ ಕೊಟ್ಟಿದ್ದರು. ಕಸ್ತೂರಿ ಬಾಟಲಿಯ ಮುಚ್ಚಳ ತೆಗೆದು ಇಬ್ಬರಿಗೂ ನೀರು ಕೊಟ್ಟಳು.

ಜೋಡು ಸಿದ್ಧವಾದಾಗ ದೋನ್ ಎವರಿಸ್ತೋ ಸುಮ್ಮನೆ ಕಳಿಸಲು ಒಪ್ಪಲಿಲ್ಲ. ತನ್ನ ಕೈಯ ಒಂದು ಜೋಡು ನನಗಾಗಿ ಮಾಡುತ್ತಾನಂತೆ. ಅಟ್ಲಾಂಟಾದ ಹತ್ತಿರ ಕೆಲಸಕ್ಕಿರುವ ಮೊಮ್ಮಗ ಹಬ್ಬಕ್ಕೆ ಬಂದಾಗ ಅವನ ಕೈಯಲ್ಲಿ ಕಳಿಸುತ್ತಾನಂತೆ. ನೆಲದ ಮೇಲೆ ಕಂದು ಕಾಗದ ಹಾಸಿ ನನ್ನನ್ನು ಅದರ ಮೇಲೆ ನಿಲ್ಲಿಸಿದ. ಪಾದದ ಸುತ್ತ ಪೆನ್ಸಿಲಿನಿಂದ ಗೆರೆ ಎಳೆಯಬೇಕು, ಆದರೆ ಅವನ ಮೊಣಕಾಲು ನನ್ನದಕ್ಕಿಂತ ಕೆಟ್ಟಿದ್ದರಿಂದ ಬಗ್ಗಲಾರ. ಹತ್ತಿರ ಇದ್ದವರು ಕುಲಕರ್ಣಿಯವರು. ಪೆನ್ಸಿಲನ್ನು ಅವರ ಕೈಗೆ ಕೊಟ್ಟ.

ನಮ್ಮಪ್ಪ ಊರಿನ ದೊಡ್ಡವರಿಗೆ ಅಳತೆ ತೆಗೆಯುತ್ತಿದ್ದುದು ಧೂಳಿನಲ್ಲಿ ಬಿದ್ದ ಹೆಜ್ಜೆಗುರುತು ನೋಡಿ. ಅವರು ನಡೆದು ಹೋಗುತ್ತಿದ್ದರು, ಅಪ್ಪ ಹಿಂದಿನಿಂದ ಕಡ್ಡಿ ಹಿಡಿದು ಗುರುತನ್ನು ಅಳೆಯುತ್ತಿದ್ದ. ಚಿಕ್ಕವನಿದ್ದಾಗ ಅದನ್ನು ನಾನು ಅಪ್ಪನ ಅದ್ಭುತ ಜಾಣ್ಮೆಯೆಂದೇ ತಿಳಿದು ಗೆಳೆಯರ ಮುಂದೆ ಕೊಚ್ಚಿಕೊಂಡಿದ್ದೆ. ಕಾಲನ್ನು ಮುಟ್ಟಗೊಡದೆ ಚಪ್ಪಲಿ ಮಾಡಿಸಿಕೊಳ್ಳುವ ಉಪಾಯ ಅದು ಎಂದು ತಿಳಿಯುವ ಹೊತ್ತಿಗೆ ನಾನು ಹಾಸ್ಟೆಲಿನಲ್ಲಿದ್ದೆ.

ಕುಲಕರ್ಣಿಯವರು ಪೆನ್ಸಿಲನ್ನು ಒಮ್ಮೆ ನೋಡಿ, ಪ್ಯಾಂಟನ್ನು ಮೊಣಕಾಲಿನ ಹತ್ತಿರ ಎಳೆದುಕೊಂಡು, ಉಸ್ಸೆಂದು ಎರಡೂ ಮೊಣಕಾಲೂರಿ ಕೂತರು. ಬಲಗಾಲು ಸುಲಭವಾಗಿ ಮುಗಿಯಿತು. ಎಡಗಾಲಿಗೆ ಬಂದಾಗ ಹಿಮ್ಮಡಿ ಕಾಗದದ ಮೇಲೆ ಸರಿಯಾಗಿ ಊರಿರಲಿಲ್ಲ. ಅವರು ಅದನ್ನು ಎಡಗೈಯಲ್ಲಿ ಪೂರ್ತಿಯಾಗಿ ಹಿಡಿದು ಊರಿಸಿದರು. ಬಿಸಿಲಲ್ಲಿ ಬರಿಗಾಲಲ್ಲಿ ಓಡಿದ, ಧೂಳು ಮೆತ್ತಿದ ಹಿಮ್ಮಡಿ ಅದು.

“ಅಲುಗ್ಯಾಡಬ್ಯಾಡ್ರೀ” ಎಂದರು, ತಲೆ ಎತ್ತದೆ.

ಅಲುಗಾಡುತ್ತಿದ್ದದ್ದು ನನ್ನ ಕಾಲಲ್ಲ, ಪೆನ್ಸಿಲು.

ಹೋದ ತಿಂಗಳು ಆ ಮೊಮ್ಮಗ ಮನೆ ಹುಡುಕಿಕೊಂಡು ಬಂದು ಪೊಟ್ಟಣ ಕೊಟ್ಟು ಹೋದ. ಒಂದೇ ಉದ್ದನೆಯ ಬಾರನ್ನು ಹೆಣೆದು ಮಾಡಿದ, ಟೈರಿನ ಅಟ್ಟೆಯ, ಬಹಳ ಚೆಂದದ ಜೋಡು. ಬಲಗಾಲಿನದು ಹೇಳಿ ಮಾಡಿಸಿದಂತಿದೆ. ಎಡಗಾಲಿನದು ಹಿಮ್ಮಡಿಯ ಹತ್ತಿರ ಅರ್ಧ ಬೆರಳು ದೊಡ್ಡದು, ಹೊರಗಡೆಗೆ ಒಂದು ಸೊಟ್ಟ ಬೇರೆ. ಕುಲಕರ್ಣಿಯವರು ಎಳೆದ ಗೆರೆಗೆ ದೋನ್ ಎವರಿಸ್ತೋ ಮೋಸ ಮಾಡುವವನಲ್ಲ. ಸಂಜೆ ಇಬ್ಬರೂ ನಡೆಯಲು ಹೊರಟಾಗ ಅದು ಪಟ್ ಪಟ್ ಎಂದು ಸದ್ದು ಮಾಡುತ್ತದೆ, ಕುಲಕರ್ಣಿಯವರಿಗೆ ಪ್ರತಿ ಸಲವೂ ನಾಚಿಕೆಯಾಗುತ್ತದೆ, ಒಂದಿಷ್ಟು ಸರಿಮಾಡಿಕೊಳ್ಳಬಾರದೇನ್ರೀ ಎನ್ನುತ್ತಾರೆ. ಒಳಗೊಂದು ತೊಗಲಿನ ಚೂರಿಟ್ಟು ನಾಲ್ಕು ಹೊಲಿಗೆ ಹಾಕಿದರೆ ಸಾಕು. ನನಗೆ ಅದು ಅರ್ಧ ತಾಸಿನ ಕೆಲಸ. ಮಾಡಿಲ್ಲ, ಮಾಡುವುದೂ ಇಲ್ಲ.